ನಾನ್ಯಾವ ಮಿಲ್ಟ್ರಿಗೆ ಓಗಿದ್ದೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ಅಡುಗೆಮನೆಯ ಕಟ್ಟೆಗೆ ಗಾಜು ತಾಗಿದ ಸದ್ದು. ಶ್ಯಾಮಲಾ ಹಾಸಿಗೆಯಲ್ಲೇ ಕಣ್ಣು ಬಿಟ್ಟು ಕಿವಿಗೊಟ್ಟಳು. ಮಾವ ಬಾಟಲಿ ತೆಗೆಯುತ್ತಿರಬೇಕು ಅಂದುಕೊಂಡಳು. ಮಿಲಿಟರಿ ಕ್ಯಾಂಟೀನಿನ ರಮ್ಮನ್ನು ಹನುಮಂತಯ್ಯ ಅಕ್ಕಿ ಡಬ್ಬದ ಹಿಂದೆ ಇಡುವುದೂ, ಅದು ಅಲ್ಲಿದೆಯೆಂದು ಎಲ್ಲರಿಗೂ ಗೊತ್ತಿದ್ದು ಯಾರಿಗೂ ಗೊತ್ತಿಲ್ಲದಂತೆ ಇರುವುದೂ ಚಂದಾಪುರದ ಆ ಮನೆಯ ಹಳೆಯ ಕಟ್ಟುಪಾಡು. ಪಕ್ಕದಲ್ಲಿ ಗಂಡ ಶ್ರೀಧರ ಬಾಯಿ ತೆರೆದು ಮಲಗಿದ್ದ. ಕಳ್ಳ ಬಂದರೂ ಎದ್ದು ಹೋಗಿ ನೋಡುವುದು ಹೆಂಡತಿಯ ಕೆಲಸ ಎಂಬ ನೆಮ್ಮದಿಯ ನಿದ್ದೆ ಅದು.

ಎದ್ದು ಹೋಗಿ ನೋಡಿದರೆ ಮಾವ ಅಲ್ಲ, ಅತ್ತೆ. ಲಕ್ಷ್ಮಮ್ಮ ದೀಪ ಹಾಕಿರಲಿಲ್ಲ. ಕಿಟಕಿಯಿಂದ ಬೀಳುವ ಬೀದಿದೀಪದ ಬೆಳಕಿನಲ್ಲಿ ನೋವಿನ ಮುಲಾಮಿನ ಪುಟ್ಟ ಶೀಶೆಯನ್ನು ಕಟ್ಟೆಯ ಅಂಚಿಗೆ ಬಡಿಯುವುದು, ಆಮೇಲೆ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸುವುದು, ಹೀಗೆ ನಡೆದಿತ್ತು.

"ಕೊಡಿ ಅತ್ತೆ, ನಾನು ತೆಗೀತೀನಿ."

"ನಿದ್ದೆ ಬರಲ್ವಾ ನಿಂಗೆ? ಮನೆ ತುಂಬಾ ನಿನ್ ಕಣ್ಣೇ."

ಶ್ಯಾಮಲಾ ಮುಟ್ಟಿದ್ದೇ ತಡ, ಮುಚ್ಚಳ ಬಿಟ್ಟುಕೊಂಡಿತು. ಶೀಶೆ ವಾಪಸು ಕೊಡುವಾಗ ಅತ್ತೆಯ ಬೆರಳುಗಳನ್ನು ನೋಡಿದಳು. ಅರ್ಧ ಮಡಚಿಕೊಂಡೇ ಇದ್ದವು, ನೆಟ್ಟಗಾಗುತ್ತಿರಲಿಲ್ಲ. ಗಿಣ್ಣುಗಳ ಮೇಲಿನ ಚರ್ಮ ಯಾರೋ ಎಳೆದು ಕಟ್ಟಿದ ಹಾಗೆ ಬಿಗಿದು ಹೊಳೆಯುತ್ತಿತ್ತು. ಇಂಥ ಬೆರಳುಗಳನ್ನು ಅವಳು ಈ ಮನೆಯಲ್ಲಿ ದಿನವೂ ನೋಡುತ್ತಿದ್ದಳು, ಮಾವನ ಕೈಯಲ್ಲಿ.

"ಯಾವಾಗಿಂದ ಅತ್ತೆ ಇದು?"

"ವಯಸ್ಸಾಗ್ಲಿಲ್ವಾ? ನಿಮ್ಮಾವನಂಗೆ ಬೆಳಗಾದ್ರೆ ಊರಿಗೆಲ್ಲಾ ಸಾರ್ಕೊಂಡು ಕೂರಕ್ಕಾಯ್ತದಾ? ನಾನ್ಯಾವ ಮಿಲ್ಟ್ರಿಗೆ ಓಗಿದ್ದೆ."

ಈ ಕೊನೆಯ ಮಾತು ಲಕ್ಷ್ಮಮ್ಮನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಗಂಡ ಮಂಡಿ ಹಿಡಿದುಕೊಂಡು ಕುರ್ಚಿಯಿಂದ ಏಳುವಾಗ ಒಂದು ಸಲ, ಅಂಗಿಯ ಗುಂಡಿ ಹಾಕಲು ಸೊಸೆಯನ್ನು ಕರೆದಾಗ ಒಂದು ಸಲ: "ನಂಗೂ ಐತೆ ನೋವು, ನಾನ್ಯಾವ ಮಿಲ್ಟ್ರಿಗೆ ಓಗಿದ್ದೆ?" ಗಂಡನ ಬಾಯಿ ಮುಚ್ಚಿಸುವ ಇಷ್ಟು ಒಳ್ಳೆಯ ಮಾತು ಸಿಕ್ಕಿರುವಾಗ ಅದನ್ನು ಬಿಟ್ಟುಕೊಡುವವಳಲ್ಲ ಲಕ್ಷ್ಮಮ್ಮ. ಹೇಳಿ ಹೇಳಿ ಅದು ಎಷ್ಟು ಹಳೆಯದಾಗಿತ್ತೆಂದರೆ, ಅವಳಿಗೆ ನಿಜವಾಗಿ ನೋವಿದೆ ಎಂಬುದನ್ನು ಮನೆಯವರು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದರು.

ಹನುಮಂತಯ್ಯ ಸೈನ್ಯದಲ್ಲಿದ್ದದ್ದು ನಿಜ. ಆದರೆ ಬೀದಿಯವರು ಅಂದುಕೊಂಡ ಹಾಗೆ ಗಡಿಯಲ್ಲಲ್ಲ. ಉತ್ತರದ ಒಂದು ಕಂಟೋನ್ಮೆಂಟಿನ ವರ್ಕ್‌ಶಾಪಿನಲ್ಲಿ, ಲಾರಿ ಜೀಪುಗಳ ಬಿಚ್ಚಿದ ಭಾಗಗಳಿಂದ ಗ್ರೀಸು ತೊಳೆಯುವ ತೊಟ್ಟಿಯ ಪಕ್ಕದಲ್ಲಿ. ತೊಟ್ಟಿಯಲ್ಲಿದ್ದದ್ದು ನೀರಿನ ಹಾಗೆ ಕಾಣುವ, ಸಿಹಿ ನಾತದ ಕೆಮಿಕಲ್ಲು. ಮೊಣಕೈವರೆಗೆ ಅದ್ದಿ ತೆಗೆದರೆ ಎಂಥ ಜಿಡ್ಡೂ ಉಳಿಯುತ್ತಿರಲಿಲ್ಲ. ಗ್ಲೌಸು ಇರಲಿಲ್ಲವೆಂದಲ್ಲ; ದೊಡ್ಡ ಸಾಹೇಬರು ತಪಾಸಣೆಗೆ ಬಂದ ದಿನ ಹಾಕಿಕೊಳ್ಳಲೆಂದು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಹವಾಲ್ದಾರನಾಗಿ ನಿವೃತ್ತಿಯಾಗಿ ಬಂದು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಗೇಟಿನಲ್ಲಿ ನಿಂತು, ತನ್ನ ಮಗನಿಗಿಂತ ಚಿಕ್ಕವರ ಕಾರುಗಳಿಗೆ ಸಲ್ಯೂಟ್ ಹೊಡೆದ. ಆ ಸಲ್ಯೂಟಿನಲ್ಲಿ ಬೆರಳುಗಳು ಜೋಡಿಕೊಳ್ಳದೆ ಹೋದ ಮೇಲೆ ಸೆಕ್ಯುರಿಟಿ ಏಜೆನ್ಸಿಯವರು ಇನ್ನು ಬರುವುದು ಬೇಡ ಅಂದರು.

ಅಂಗವೈಕಲ್ಯ ಪಿಂಚಣಿಯ ಆಸೆ ಹುಟ್ಟಿಸಿದವನು ವೆಂಕಟರಮಣಪ್ಪ. ಸೈನ್ಯದಲ್ಲಿ ಗುಮಾಸ್ತನಾಗಿದ್ದವನು, ಈಗ ಚಂದಾಪುರ ಸರ್ಕಲ್ಲಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಮಾಜಿ ಸೈನಿಕರ ಅರ್ಜಿ ಬರೆಯುತ್ತಿದ್ದ. ಅವನು ಬರೆದ ಯಾವ ಅರ್ಜಿಯೂ ಸೋತಿರಲಿಲ್ಲವಂತೆ. ಸೋತವರೆಲ್ಲ ಅವನ ಮಾತು ಕೇಳದವರಂತೆ. ಆ ಕೆಮಿಕಲ್ಲಿನಿಂದಲೇ ಕೀಲುಗಳು ಹೀಗಾದವೆಂದು ಅರ್ಜಿ ಹೋಯಿತು. ಮೆಡಿಕಲ್ ಬೋರ್ಡಿನ ಮುಂದೆ ಬರಬೇಕೆಂದು ಕರೆಯೂ ಬಂತು.

ಅಂದಿನಿಂದ ಶ್ರೀಧರನಿಗೆ ಅಪ್ಪನ ಮೇಲೆ ಪ್ರೀತಿ ಬಂತು. ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದ ಅವನಿಗೆ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡುವ ಕನಸು. ಅಷ್ಟು ವರ್ಷ ಕುರ್ಚಿಯ ಜೊತೆಯ ಇನ್ನೊಂದು ಕುರ್ಚಿಯಾಗಿದ್ದ ಅಪ್ಪ ಈಗ ಮಹಡಿಯಾಗಿ ಕಾಣತೊಡಗಿದ.

ಹನುಮಂತಯ್ಯನಿಗೆ ಬೇಕಾಗಿದ್ದು ಬೇರೆ. ಅದು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೊರಗೆ ಬಂತು.

ಬಸ್ಸಾರು, ಮುದ್ದೆ. ಲಕ್ಷ್ಮಮ್ಮ ಸೌಟಿನ ಅಂಚಿನಿಂದ ಗಂಡನ ಮುದ್ದೆಯನ್ನು ಚೂರು ಮಾಡಿ ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ಮುದ್ದೆ ಗಂಟಾಗೈತೆ," ಅಂದ ಹನುಮಂತಯ್ಯ.

"ನಿನ್ ಸೊಸೆನ ಕೇಳು. ನಾನು ಕೋಲು ಇಡಿಯೋದು ಬಿಟ್ಟು ಎಷ್ಟು ದಿನ ಆಯ್ತು. ಮುದ್ದೆ ಮುರಿಯಕ್ಕೂ ಆಗ್ದಿರೋರು ಗಂಟು ಎಣಿಸ್ತಾರೆ. ರಮ್ಮು ಕುಡುದು ಕುಡುದು ಕೀಲೆಲ್ಲಾ ಕೊಳ್ತೋಗೈತೆ."

"ರಮ್ಮಿಗೂ ಬೆರಳಿಗೂ ಏನೇ ಸಂಬಂಧ? ತೊಟ್ಟಿ ತಾವ ನನ್ ಜತೇಲಿದ್ದ ನೀಲಪ್ಪಂಗೂ ಇಂಗೇ ಆಗೈತೆ. ಅವ್ನು ಕುಡೀತಾನೇ ಇರ್ಲಿಲ್ಲ."

"ನೀಲಪ್ಪನ ಎಂಡ್ರು ಪುಣ್ಯ ಮಾಡಿದ್ಲು."

"ಡಾಕ್ಟ್ರು ಬರೀಲಿ," ಅಂದ ಹನುಮಂತಯ್ಯ. "ಸರ್ವೀಸಿನಿಂದ ಬಂದದ್ದು ಅಂತ ಒಂದೇ ಒಂದು ಸಾಲು ಬರೀಲಿ ಸಾಕು. ದುಡ್ಡು ನಿನ್ ಮಗ ಮಡೀಕೊಳ್ಲಿ. ನಾನು ಆ ಸಾಲಿಗೆ ಕಟ್ಟು ಹಾಕ್ಸಿ ಇದೇ ಗೋಡೆಗೆ ಹೊಡೀತೀನಿ. ಬೆಳಿಗ್ಗೆ ಎದ್ದು ನೀನು ಓದು."

"ನಂಗೆ ಓದಕ್ಕೆ ಬರಲ್ಲ."

"ಕೃಪಾ ಓದಿ ಹೇಳ್ತಾಳೆ."

"ನನ್ನ ಯಾಕೆ ಎಳೀತೀಯಾ ತಾತ?" ಅಂದಳು ಮೊಮ್ಮಗಳು ಕೃಪಾ, ಫೋನಿನಿಂದ ತಲೆ ಎತ್ತದೆ. ಪಿಯುಸಿ ಓದುತ್ತಿದ್ದ ಅವಳಿಗೆ ಮನೆಯಲ್ಲಿ ಎಲ್ಲರೂ ಒಂದೇ ಸಮ ಹಾಸ್ಯಾಸ್ಪದವಾಗಿ ಕಾಣುತ್ತಿದ್ದರು.

ಲಕ್ಷ್ಮಮ್ಮ ಸುಮ್ಮನಾಗಲಿಲ್ಲ. "ಇವ್ರು ತೊಟ್ಟೀಗೆ ಕೈ ಅದ್ದುದ್ರಂತೆ. ಆ ನಾತದ ಬಟ್ಟೆ ಒಗ್ದೋಳು ಯಾರು? ಕ್ವಾಟ್ರಸ್ಸಲ್ಲಿದ್ದಷ್ಟು ವರ್ಸಾನೂ ನಾನೇ. ಅರ್ಧ ತೊಟ್ಟಿ ಬಟ್ಟೇಲೇ ಬರ್ತಿತ್ತು. ಬಕೀಟಿಗೆ ಹಾಕುದ್ರೆ ಮೂಗು ಉರೀತಿತ್ತು. ನಂಗ್ಯಾವನು ಮೆಡಲ್ ಕೊಟ್ಟ?"

"ಇಬ್ರೂ ಸ್ವಲ್ಪ ನಿಲ್ಲಿಸ್ತೀರಾ?" ಅಂದ ಶ್ರೀಧರ. "ಟಿವಿ ಕೇಳಿಸ್ತಿಲ್ಲ."

ನಿಲ್ಲಿಸಿದರು. ಲಕ್ಷ್ಮಮ್ಮನ ಮಾತು ಬಸ್ಸಾರಿನ ಜೊತೆಗೇ ಮುಗಿದುಹೋಯಿತು. ಶ್ಯಾಮಲಾ ಮಾತ್ರ ಅತ್ತೆ ಸೌಟನ್ನು ಮುಷ್ಟಿಯಲ್ಲಿ ಹಿಡಿದಿದ್ದ ರೀತಿಯನ್ನು ನೋಡುತ್ತಿದ್ದಳು. ಏನೋ ಒಂದು ಅರ್ಧ ಹೊಳೆದ ಹಾಗಾಯಿತು. ಅಷ್ಟರಲ್ಲಿ ಶ್ರೀಧರ ಮಜ್ಜಿಗೆ ಕೇಳಿದ.

ಮುಂದಿನ ಭಾನುವಾರ ವೆಂಕಟರಮಣಪ್ಪ ಮನೆಗೆ ಬಂದ. ಬೋರ್ಡಿಗೆ ಹೋಗುವವರಿಗೆ ತಾಲೀಮು ಕೊಡುವುದು ಅವನ ಫೀಸಿನಲ್ಲೇ ಸೇರಿತ್ತು. ಸೋಫಾದಲ್ಲಿ ಕುಳಿತು ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡ. ಶ್ರೀಧರ ಊಟದ ಮೇಜಿನ ಹಿಂದೆ ಡಾಕ್ಟರಾಗಿ ಕುಳಿತ. ಕೊರಳಿಗೆ ಫೋನಿನ ಇಯರ್‌ಫೋನು ಹಾಕಿಕೊಂಡಿದ್ದ.

"ನಡೀರಿ ನೋಡೋಣ, ಹವಾಲ್ದಾರ್ ಸಾಬ್."

ಹನುಮಂತಯ್ಯ ನಡೆದ. ಮಂಡಿ ಮಡಚಲಾಗದೆ ಎಡಗಾಲನ್ನು ಹೊರಕ್ಕೆ ತಿರುಗಿಸಿ ಎಳೆದುಕೊಂಡು, ತುಟಿ ಕಚ್ಚಿಕೊಂಡು ನಡೆದ. ಅವನು ದಿನವೂ ನಡೆಯುವುದೇ ಹಾಗೆ.

"ಸಾಲದು," ಅಂದ ವೆಂಕಟರಮಣಪ್ಪ. "ಇದನ್ನ ನೋಡಿದ್ರೆ ಯಾರೂ ನಂಬಲ್ಲ."

"ಅಪ್ಪ, ಗೋಡೆ ಹಿಡ್ಕೊಂಡು ನಡಿ."

"ಗೋಡೆ ಬೇಕಾಗಿಲ್ವಲ್ಲೋ."

"ಬೇಕು ಅಂದ್ಕೋ."

"ಸುಳ್ಳು ನಡಿಗೆ ನಂಗೆ ಬರಲ್ಲ ಕಣೋ."

"ಸುಳ್ಳೆಲ್ಲಿ ಬಂತು ಸಾಬ್?" ವೆಂಕಟರಮಣಪ್ಪ ಬಜ್ಜಿಯ ತೊಟ್ಟನ್ನು ತಟ್ಟೆಯಂಚಿಗೆ ಇಟ್ಟ. "ನಿಜಾನೇ. ಸ್ವಲ್ಪ ಜೋರಾಗಿ ಅಷ್ಟೆ. ಕೇಳಿಸ್ಕೊಳಿ. ಒಂದು ವಾರ ಮುಂಚಿನಿಂದ ಶೇವ್ ಮಾಡಂಗಿಲ್ಲ. ಶೂ ಬೇಡ, ಹವಾಯಿ ಚಪ್ಪಲಿ. ಹೆಂಗಿದೀರಾ ಅಂದ್ರೆ 'ಫೈನ್ ಸರ್' ಅಂತ ಬಾಯಿಗೆ ಬಂದೇ ಬರುತ್ತೆ. ಅದನ್ನ ನುಂಗ್ಬೇಕು. ಆ ಒಂದು ಮಾತಿನಿಂದ ಎಷ್ಟು ಸಂಸಾರ ಹಾಳಾಗಿದೆ ಗೊತ್ತಾ ನಿಮಗೆ?"

ಹನುಮಂತಯ್ಯ ಗೋಡೆ ಹಿಡಿದುಕೊಂಡು ಮತ್ತೊಮ್ಮೆ ನಡೆದ. ಶ್ರೀಧರ ಇನ್ನೂ ನಿಧಾನ ಅಂದ. ಮತ್ತೊಮ್ಮೆ ನಡೆದ. ನಾಟಕಕ್ಕೆಂದು ಅಷ್ಟು ಸಲ ಓಡಾಡಿದ್ದಕ್ಕೆ ಮಂಡಿ ನಿಜವಾಗಿಯೇ ಬಾತುಕೊಂಡಿತು. ಆಗ ವೆಂಕಟರಮಣಪ್ಪ, "ಈಗ ಬಂತು ನೋಡಿ," ಎಂದು ಮೆಚ್ಚಿದ.

"ತಾತ, ನಮ್ಮ ಕಾಲೇಜ್ ಡ್ರಾಮಾಗೆ ಬರ್ತೀಯಾ?" ಅಂದಳು ಕೃಪಾ.

ಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಇಷ್ಟೊಂದು ಕಲ್ಸಬೇಕಾ? ನನ್ನ ಕರ್ಕೊಂಡೋಗಿ, ಯಾರೂ ಕಲಿಸ್ದೇನೇ ಕುಂಟ್ತೀನಿ."

ಎಲ್ಲರೂ ನಕ್ಕರು. ವೆಂಕಟರಮಣಪ್ಪನಂತೂ ಬಜ್ಜಿ ನೆತ್ತಿಗೇರಿ ಕೆಮ್ಮಿದ. ಶ್ಯಾಮಲಾ ನಗಲಿಲ್ಲ. "ಅಲ್ಲ, ಅತ್ತೆಗೂ ಬೆರಳು..." ಎಂದು ಶುರುಮಾಡಿದಳು.

"ನೀನು ಟೀ ತಗೊಂಬಾ," ಅಂದ ಶ್ರೀಧರ.

ಮಾತನ್ನು ತೂಗಿ ಆಡುವವರಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ತೂಗಿ ಮುಗಿಸುವಷ್ಟರಲ್ಲಿ ಬೇರೆಯವರು ಕೂಗಿ ಮುಗಿಸಿರುತ್ತಿದ್ದರು. ಬಿ.ಎ. ಓದಿದ ಸೊಸೆ ಬೇಕೆಂದು ತಂದಿದ್ದರು. ತಂದ ಮೇಲೆ ಕರೆಂಟು ಬಿಲ್ಲಿನ ಹಿಂದಿನ ಇಂಗ್ಲಿಷನ್ನು ಓದಿಸಲು ಮಾತ್ರ ಅವಳ ನೆನಪಾಗುತ್ತಿತ್ತು.

ಬೋರ್ಡಿಗೆ ಜೊತೆಯಲ್ಲಿ ಹೋಗುವವರು ಯಾರು ಎಂಬ ಮಾತು ಬಂದಾಗಲೂ ಆ ಇಂಗ್ಲಿಷೇ ನೆನಪಿಗೆ ಬಂತು. ತಿಂಗಳ ಕೊನೆ, ರಜ ಸಿಗುವುದಿಲ್ಲ ಅಂದ ಶ್ರೀಧರ. ಮಹಡಿ ಮಾತ್ರ ಅವನದು, ಬಸ್ಸು ಶ್ಯಾಮಲಾಳದು.

"ನಾನೂ ಬತ್ತೀನಿ," ಅಂದಳು ಲಕ್ಷ್ಮಮ್ಮ. "ಆಸ್ಪತ್ರೆ ಪಕ್ಕದಲ್ಲೇ ಕ್ಯಾಂಟೀನ್ ಐತಂತೆ. ಕುಕ್ಕರ್ ತರ್ಬೇಕು. ಇವಳ ಕೈಗೆ ಬಿಟ್ರೆ ಬೆಲೆ ನೋಡ್ತಾಳೆ, ತಳ ನೋಡಲ್ಲ."

ಆ ದಿನ ಬೆಳಿಗ್ಗೆ ಶ್ಯಾಮಲಾ ಎದ್ದಾಗ ಹನುಮಂತಯ್ಯ ಆಗಲೇ ಶೇವ್ ಮಾಡಿಕೊಂಡಿದ್ದ. ರೇಜರು ಹಿಡಿತಕ್ಕೆ ಸಿಗದೆ ಗಲ್ಲದಲ್ಲಿ ಒಂದು ಕಡೆ ಕುಯ್ದುಕೊಂಡು, ಅಲ್ಲಿಗೆ ಪೇಪರಿನ ಚೂರು ಅಂಟಿಸಿದ್ದ. ಕರಿಯ ಶೂಗಳು ಬಾಗಿಲ ಬಳಿ ಮಿರುಗುತ್ತಿದ್ದವು.

"ಲೇಸ್ ಕಟ್ಟಮ್ಮ ಸ್ವಲ್ಪ."

"ಅವರು ಚಪ್ಪಲಿ ಅಂದಿದ್ರಲ್ಲ ಮಾವ."

"ಆಫೀಸರ್ ಮುಂದೆ ಹವಾಯಿ ಚಪ್ಪಲೀಲಿ ನಿಲ್ಲಕ್ಕಾಗಲ್ಲ. ವೆಂಕಟರಮಣಪ್ಪ ಗುಮಾಸ್ತ. ಅವನಿಗೆ ಅದೆಲ್ಲ ಗೊತ್ತಾಗಲ್ಲ."

ನೋವಿನ ಮಾತ್ರೆಯನ್ನು ದಿನಕ್ಕಿಂತ ಒಂದು ಹೆಚ್ಚು ನುಂಗಿದ. ಕಾಯಿಲೆಯನ್ನು ತೋರಿಸಲು ಹೊರಟವನು ಕಾಯಿಲೆ ಕಾಣಿಸದಂತೆ ಸಿದ್ಧವಾಗಿದ್ದ. ಶ್ಯಾಮಲಾ ಲೇಸ್ ಕಟ್ಟಿದಳು.

ಮಿಲಿಟರಿ ಆಸ್ಪತ್ರೆಯ ಉದ್ದನೆಯ ಜಗುಲಿಯಲ್ಲಿ ಬೆಂಚುಗಳು. ಬೆಂಚುಗಳ ತುಂಬ ಗಡ್ಡ ಬಿಟ್ಟ ಗಂಡಸರು, ಕೆಳಗೆ ಸಾಲಾಗಿ ಹವಾಯಿ ಚಪ್ಪಲಿಗಳು. ವೆಂಕಟರಮಣಪ್ಪನಂಥವರು ಊರೂರಿಗೂ ಒಬ್ಬೊಬ್ಬರು ಇದ್ದರೆಂದು ಕಾಣುತ್ತದೆ. ಅವರ ನಡುವೆ ಹನುಮಂತಯ್ಯ ಮದುವೆಗೆ ಬಂದವನಂತೆ ಕುಳಿತಿದ್ದ. ಹೆಸರು ಕರೆದಾಗ ಎದ್ದು ಒಳಗೆ ಹೋದ. ಹಿಮ್ಮಡಿಗೆ ಹಿಮ್ಮಡಿ ಬಡಿದ ಸದ್ದು ಜಗುಲಿಯವರೆಗೆ ಕೇಳಿಸಿತು.

"ಆಯ್ತು, ಪೆರೇಡ್ ಶುರು," ಅಂದಳು ಲಕ್ಷ್ಮಮ್ಮ.

ಸ್ವಲ್ಪ ಹೊತ್ತಿಗೆ ಅವನನ್ನು ಎಕ್ಸ್‌ರೇಗೆಂದು ಬೇರೆ ಕಡೆ ಕರೆದುಕೊಂಡು ಹೋದರು. ಜೊತೆಯಲ್ಲಿ ಬಂದವರು ಒಳಗೆ ಬನ್ನಿ ಎಂದು ಜವಾನ ಕರೆದ. ಶ್ಯಾಮಲಾ ಎದ್ದಳು, ಕ್ಯಾಂಟೀನಿನ ಚೀಲ ಹಿಡಿದು ಲಕ್ಷ್ಮಮ್ಮನೂ ಎದ್ದಳು.

ಡಾಕ್ಟರು ಮೇಜರ್, ಹೆಂಗಸು. ಶ್ಯಾಮಲಾ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯವನ್ನು ಹೇಳಲು ಬಾಯಿ ತೆರೆದಳು. ಡಾಕ್ಟರು ಲಕ್ಷ್ಮಮ್ಮನ ಕುಂಕುಮ, ಚೀಲ ನೋಡಿ ನಕ್ಕು, "ಬರ್ರಿ ಅಮ್ಮಾ, ಕುಂದರ್ರಿ," ಅಂದರು.

"ಅಯ್ಯೋ, ನೀವು ನಮ್ಮೋರೇ," ಲಕ್ಷ್ಮಮ್ಮನ ಮುಖ ಅರಳಿತು. ಇಲ್ಲಿ ಎಲ್ಲರೂ ಹಿಂದಿಯೇ ಆಡುತ್ತಾರೆಂದು ಬೆಳಗಿನಿಂದ ಬಾಯಿ ಬಿಗಿದುಕೊಂಡಿದ್ದವಳು ಚೀಲವನ್ನು ಮೇಜಿನ ಕಾಲಿಗೆ ಒರಗಿಸಿ ಆರಾಮವಾಗಿ ಕುಳಿತಳು.

"ಧಾರವಾಡದಾಕಿ ನಾನು. ನಿಮ್ಮ ಯಜಮಾನ್ರನ್ನ ಕೇಳಿದ್ರ ಎಲ್ಲಾ ಫೈನ್ ಅಂತಾರ. ಕೈ ನೋಡಿದ್ರ ಫೈನ್ ಇಲ್ಲ. ಅಟೆನ್ಷನ್ ನಿಂತ್ರ ನನಗ ತಿಳಿಯಂಗಿಲ್ಲ ಅಂದ್ಕೊಂಡಾರ." ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಅಷ್ಟು ವರ್ಷ ಆ ದ್ರಾವಣದಾಗ ಕೈ ಇಟ್ಟಾರ, ಅದಕ್ಕ ದಾಖಲೆ ಅದ. ನಾ ಬರೀಲಿಕ್ಕೆ ತಯಾರ್ ಇದ್ದೀನಿ. ಮನಿಯಾಗ ಹೆಂಗಿರ್ತಾರ, ಅಷ್ಟು ಹೇಳ್ರಿ."

ಶ್ಯಾಮಲಾ ಹೇಳಬೇಕೆಂದಿದ್ದಳು: ಗುಂಡಿ ನಾನು ಹಾಕುತ್ತೇನೆ, ಲೇಸ್ ನಾನು ಕಟ್ಟುತ್ತೇನೆ, ಮುದ್ದೆ ಅತ್ತೆ ಮುರಿಯುತ್ತಾರೆ. ಆದರೆ ಆ ಪ್ರಶ್ನೆಗೆ ಲಕ್ಷ್ಮಮ್ಮನ ಹತ್ತಿರ ಎಷ್ಟೋ ವರ್ಷದಿಂದ ಉತ್ತರ ಸಿದ್ಧವಾಗಿತ್ತು.

"ಇವ್ರೊಬ್ರಿಗೇನಾ ತಾಯಿ? ನೋಡಿ ನಂದು." ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. "ನಂಗೂ ಐತೆ. ನಾನ್ಯಾವ ಮಿಲ್ಟ್ರಿಗೆ ಓಗಿದ್ದೆ?"

ಹೇಳಿ ನಕ್ಕಳು. ಮನೆಯಲ್ಲಿ ಈ ಮಾತಿಗೆ ಯಾರಾದರೂ ನಗುವುದು ವಾಡಿಕೆ. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ಆ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ನೆಟ್ಟಗೆ ಮಾಡಲು ನೋಡಿದರು, ಚರ್ಮವನ್ನು ಚಿವುಟಿ ನೋಡಿದರು. ಅದು ಚಿವುಟಲು ಬರಲಿಲ್ಲ.

"ಯಾವಾಗಿಂದರಿ?"

"ಆಯಪ್ಪಂಗೆ ಶುರುವಾದಾಗ್ಲೇ ನಂಗೂ. ನಾನು ಏಳ್ಕೊಳ್ಳಲ್ಲ ಅಷ್ಟೆ."

"ತವರುಮನಿ ಕಡೆ ಯಾರಿಗರೆ ಇತ್ತೇನು?"

"ನಮ್ಮವ್ವಂಗೂ ಮಂಡಿ ನೋವಿತ್ತು. ಯಾರಿಗಿರಲ್ಲ ಏಳಿ. ಇವ್ರಂಗೆ ಸರ್ಕಾರಕ್ಕೆ ಅರ್ಜಿ ಹಾಕುದ್ವಾ ನಾವು?"

ಡಾಕ್ಟರು ಶ್ಯಾಮಲಾಳ ಕಡೆಗೆ ತಿರುಗಿ, ಲಕ್ಷ್ಮಮ್ಮನಿಗೆ ತಿಳಿಯಬಾರದೆಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು. ಸೇವೆಗೆ ಸೇರದ ಹೆಂಡತಿಗೂ ಅದೇ ಕಾಯಿಲೆ, ಅದೇ ಕಾಲಕ್ಕೆ ಬಂದಿದೆಯೆಂದರೆ ಕಾರಣ ಮನೆಯ ನೀರಿನಲ್ಲೋ ಊಟದಲ್ಲೋ ಇದೆ, ವರ್ಕ್‌ಶಾಪಿನಲ್ಲಿಲ್ಲ ಎಂದೇ ಬೋರ್ಡು ತಿಳಿಯುತ್ತದೆ. ಕೇಳಿದ ಮೇಲೆ ಬರೆಯದೆ ಬಿಡಲು ತನಗೆ ಬರುವುದಿಲ್ಲ. ಇವರನ್ನು ಮಾತ್ರ ತಡಮಾಡದೆ ಕೀಲಿನ ಡಾಕ್ಟರಿಗೆ ತೋರಿಸಿ, ಇದು ವಯಸ್ಸಿನ ನೋವಲ್ಲ.

ಬಕೀಟು. ಮೂಗು ಉರಿಯುವ ಬಕೀಟು. ಊಟದ ಹೊತ್ತಿನಲ್ಲಿ ಅರ್ಧ ಹೊಳೆದದ್ದು ಶ್ಯಾಮಲಾಳಿಗೆ ಈಗ ಪೂರ್ತಿ ಹೊಳೆಯಿತು. ಅರ್ಧ ತೊಟ್ಟಿ ಬಟ್ಟೆಯಲ್ಲೇ ಮನೆಗೆ ಬರುತ್ತಿತ್ತು. ಅದನ್ನು ವರ್ಷಗಟ್ಟಲೆ ಕೈಯಲ್ಲಿ ಹಿಂಡಿದವರು ಇವರು. ಹೇಳಬೇಕು. ಬಟ್ಟೆ ಎನ್ನಲೇ, ಯೂನಿಫಾರಂ ಎನ್ನಲೇ, ನೆನೆದ ಎಂಬುದಕ್ಕೆ ಸರಿಯಾದ ಪದ ಯಾವುದು ಎಂದು ಅವಳು ಇಂಗ್ಲಿಷಿನಲ್ಲಿ ಹುಡುಕುತ್ತಿದ್ದಳು. ಜವಾನ ಮುಂದಿನ ಫೈಲು ತಂದಿಟ್ಟ. ಮುಂದಿನ ಹವಾಯಿ ಚಪ್ಪಲಿ ಬಾಗಿಲಲ್ಲಿ ನಿಂತಿತ್ತು. ಡಾಕ್ಟರಿಗೆ ಕನ್ನಡ ಬರುತ್ತದೆಂಬುದು ಅವಳಿಗೆ ಜಗುಲಿಗೆ ಬಂದ ಮೇಲೆ ನೆನಪಾಯಿತು.

"ಏನಂತೆ ಇಂಗ್ಲಿಷಲ್ಲಿ?" ಅಂದಳು ಲಕ್ಷ್ಮಮ್ಮ.

"ನಿಮ್ಮ ಕೈ ತೋರಿಸ್ಬೇಕಂತೆ ಅತ್ತೆ, ಡಾಕ್ಟ್ರಿಗೆ."

"ತೋರುಸ್ದೆನಲ್ಲ ಈಗ. ಒಳ್ಳೆ ಎಂಗಸು. ಬಾ, ಕ್ಯಾಂಟೀನ್ ಮುಚ್ಬಿಟ್ಟಾರು."

ಕ್ಯಾಂಟೀನಿನಲ್ಲಿ ಲಕ್ಷ್ಮಮ್ಮ ಕುಕ್ಕರುಗಳನ್ನು ಒಂದೊಂದಾಗಿ ಮಗುಚಿ ತಳ ನೋಡುತ್ತಿದ್ದಾಗ ಹನುಮಂತಯ್ಯ ಸೊಸೆಯ ಹತ್ತಿರ ಬಂದು ನಿಂತ.

"ಕೆಡಿಸ್ಬಿಟ್ಟೆ ಕಣಮ್ಮ. ಹೆಂಗಿದೀರಾ ಅಂದ್ರು. 'ಫೈನ್ ಮೇಡಂ' ಅಂದ್ಬಿಟ್ಟೆ. ಬಾಯಿಗೆ ಬಂದ್ಬಿಡ್ತು. ಮನೇಲಿ ಹೇಳ್ಬೇಡ."

"ಇಲ್ಲ ಮಾವ."

"ನೀನು ನಂಬ್ತೀಯಾ? ಇದು ಕುಡಿತದಿಂದ ಬಂದಿದ್ದಲ್ಲ ಅಂತ?"

"ನಂಬ್ತೀನಿ," ಅಂದಳು ಶ್ಯಾಮಲಾ. ತಾನು ನಂಬಲು ಎಷ್ಟು ದೊಡ್ಡ ಸಾಕ್ಷಿಯಿದೆ, ಅದು ಈಗ ಎಲ್ಲಿ ನಿಂತು ಕುಕ್ಕರಿನ ತಳಕ್ಕೆ ಬಡಿಯುತ್ತಿದೆ ಎಂದು ಹೇಳಲಿಲ್ಲ.

ಆಮೇಲಿನ ವಾರಗಳಲ್ಲಿ ಹೊಸ ಕುಕ್ಕರ್ ಕೂಗಿತು. ಬೇಳೆ ಮೊದಲಿಗಿಂತ ಚೆನ್ನಾಗಿ ಬೆಂದಿತೆಂದು ಲಕ್ಷ್ಮಮ್ಮ ದಿನವೂ ಹೇಳಿದಳು. ಮುಚ್ಚಳ ಹಾಕುವುದು ತೆಗೆಯುವುದು ಮಾತ್ರ ಶ್ಯಾಮಲಾಳ ಪಾಲಿಗೆ ಬಂತು. ಕೀಲಿನ ಡಾಕ್ಟರ ಮಾತು ಎತ್ತಿದಾಗಲೆಲ್ಲ ಅತ್ತೆ, "ಒಬ್ರು ಮಾಡ್ತಿರೋ ನಾಟಕ ಸಾಲ್ದಾ?" ಅಂದು ತಳ್ಳಿಹಾಕಿದಳು. ಶ್ರೀಧರ ಮೇಸ್ತ್ರಿಯನ್ನು ಕರೆಸಿ ತಾರಸಿಯ ಮೇಲೆ ಟೇಪು ಎಳೆಸಿದ. ಅಪ್ಪನಿಗೆ ಒಂದು ವಾಕಿಂಗ್ ಸ್ಟಿಕ್ಕು ತಂದುಕೊಟ್ಟು, "ಬೀದೀಲಿ ಹೋಗುವಾಗ ಹಿಡ್ಕೋ, ಯಾರು ನೋಡ್ತಿರ್ತಾರೋ," ಅಂದ. ಹನುಮಂತಯ್ಯ ಗೋಡೆಯಲ್ಲಿ ಟಿವಿಯ ಪಕ್ಕ ಒಂದು ಜಾಗ ಗುರುತು ಮಾಡಿ, ಕೃಪಾಳ ಕೈಯಲ್ಲಿ ಮೊಳೆ ಹೊಡೆಸಿದ. ಅದು ಬರಿಯ ಮೊಳೆಯಾಗಿಯೇ ಇತ್ತು.

ಸುದ್ದಿ ಫೋನಿನಲ್ಲಿ ಬಂತು. ಊಟಕ್ಕೆ ಕುಳಿತಿದ್ದರು. ಶ್ರೀಧರ ಸ್ಪೀಕರ್ ಹಾಕಿದ.

"ರಿಜೆಕ್ಟ್ ಆಗಿದೆ," ಅಂತು ವೆಂಕಟರಮಣಪ್ಪನ ದನಿ. "ಕಾಯಿಲೆ ಇದೆ, ಆದ್ರೆ ಸರ್ವೀಸಿಗೆ ಸಂಬಂಧ ಇಲ್ಲ ಅಂದ್ಬಿಟ್ಟಿದಾರೆ. ನಾನು ಹೇಳಿದ್ದು ಒಂದೂ ಮಾಡಿರಲ್ಲ ಇವರು. ಅಪೀಲ್ ಹಾಕ್ಬಹುದು ಶ್ರೀಧರ್, ಆದ್ರೆ ಹೊಸ ಪಾಯಿಂಟ್ ಏನಾದ್ರೂ ಬೇಕು. ಇದ್ರೆ ಹೇಳಿ. ಫೀಸ್ ಬೇರೆ."

ಫೋನು ಆರಿತು. ಶ್ರೀಧರ ಅಪ್ಪನ ಮುಖ ನೋಡಿದ. ಮಹಡಿ ಬಿದ್ದುಹೋದ ಮೇಲೆ ಅಲ್ಲಿ ಉಳಿದಿದ್ದದ್ದು ಹಳೆಯ ಕುರ್ಚಿ.

"ಏನ್ ಮಾಡ್ದೆ ಅಲ್ಲಿ?"

ಹನುಮಂತಯ್ಯ ತಟ್ಟೆಯಿಂದ ತಲೆ ಎತ್ತಿ ಹೇಳಿದ. ಶೇವ್ ಮಾಡಿಕೊಂಡು ಹೋದದ್ದು, ಶೂ ಹಾಕಿದ್ದು, ಅಟೆನ್ಷನ್ ನಿಂತದ್ದು, ಫೈನ್ ಅಂದದ್ದು. ಯಾವುದನ್ನೂ ಬಿಡಲಿಲ್ಲ. ತಪ್ಪು ಒಪ್ಪಿಕೊಳ್ಳುವಾಗಲೂ ಪೆರೇಡಿನಲ್ಲಿ ಹಾಜರಿ ಕೂಗಿದಂತೆ ಒಂದೊಂದನ್ನೇ ಗಟ್ಟಿಯಾಗಿ ಹೇಳಿದ.

"ಥೂ," ಅಂದ ಶ್ರೀಧರ. "ನಿನ್ನ ಕೈಲಿ ಕಾಯಿಲೆ ಬೀಳೋದೂ ಸರಿಯಾಗಿ ಆಗ್ಲಿಲ್ಲ."

"ಇವ್ರ ಸಲ್ಯೂಟಿಗೆ ಬೆಂಕಿ ಆಕ," ಲಕ್ಷ್ಮಮ್ಮ ಶುರುಮಾಡಿದಳು. ಇಷ್ಟು ದೊಡ್ಡ ಕಾರಣ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. "ಒಳಗೆ ಓಗೋವಾಗ್ಲೇ ಕೇಳಿಸ್ತು ನಂಗೆ, ಟಪ್ ಅಂತ. ಆವಾಗ್ಲೇ ಅಂದ್ಕೊಂಡೆ, ಕೆಟ್ತು ಅಂತ. ಮದುಮಗನಂಗೆ ಓಗಿ ಕೂತಿದ್ರು. ಪಾಪ, ಆ ಎಂಗಸು ಬರ್ಯಕ್ಕೆ ಪೆನ್ನು ತಗ್ದಿತ್ತು. ನಮ್ ಜತೆ ಎಷ್ಟು ಚೆನ್ನಾಗಿ ಮಾತಾಡ್ತು. ನಾವು ಅಲ್ಲಿ ಒಳ್ಳೇದು ಮಾಡ್ಕೊಂಡು ಬಂದ್ರೆ, ಇವ್ರು ಕಾಲು ಬಡ್ದು ಕೆಡಿಸಿದ್ರು."

ಬೈಯುತ್ತಲೇ ಸೌಟನ್ನು ಮುಷ್ಟಿಯಲ್ಲಿ ಹಿಡಿದು ಗಂಡನ ಮುದ್ದೆಯನ್ನು ಚೂರು ಮಾಡಿದಳು. ಸಾರು ಸುರಿದಳು. ಹನುಮಂತಯ್ಯ ಚೂರುಗಳನ್ನು ಒಂದೊಂದಾಗಿ ಸಾರಿನಲ್ಲಿ ಅದ್ದಿ ಉಂಡ.

"ಶ್ಯಾಮಲಾ," ಅಂದ ಶ್ರೀಧರ, "ನಿನ್ನ ಹತ್ರ ಡಾಕ್ಟ್ರು ಏನಾದ್ರೂ ಅಂದ್ರಾ? ಒಳಗೆ ಹೋಗಿದ್ದೆ ತಾನೇ?"

ಎಲ್ಲರೂ ಅವಳ ಕಡೆ ನೋಡಿದರು. ಹೊಸ ಪಾಯಿಂಟ್ ಅವಳ ಹತ್ತಿರ ಇತ್ತು. ಅದು ಎದುರಿಗೇ ಕುಳಿತು, ಬಾಗಿದ ಬೆರಳುಗಳಲ್ಲಿ ಸೌಟಿಗೆ ಅಂಟಿದ ಹಿಟ್ಟನ್ನು ಕೆರೆಯುತ್ತಿತ್ತು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಮುಂದಿನ ಭಾನುವಾರ ಬಜ್ಜಿ. ಸೋಫಾದಲ್ಲಿ ವೆಂಕಟರಮಣಪ್ಪ. ಮೇಜಿನ ಹಿಂದೆ ಶ್ರೀಧರ. ಗೋಡೆ ಹಿಡಿದು ನಡೆಯುವ ಸರದಿ ಈ ಸಲ ಅತ್ತೆಯದು. ಕೈ ಹೀಗೆ ಹಿಡಿಯಬೇಡಿ, ಸಾಲದು, ಇನ್ನೂ ಬಾಗಿಸಿ. ಅದಕ್ಕೂ ಮೊದಲು, ಸಾಲು ಬರೆಯಲು ಎತ್ತಿದ ಪೆನ್ನನ್ನು ಕೆಳಗಿಡಿಸಿದ್ದು ನಿಮ್ಮ ಮಾತೇ ಎಂದು ಅತ್ತೆಗೆ ಹೇಳಬೇಕು. ನಿಮ್ಮ ಬಟ್ಟೆ ಒಗೆದೇ ಇವರ ಬೆರಳು ಹೋಯಿತೆಂದು ಮಾವನಿಗೆ ಹೇಳಬೇಕು. ಆಮೇಲೆ ಈ ಮನೆಯಲ್ಲಿ ಮುದ್ದೆ ಮುರಿಯುವ ಸೌಟಿನ ಸದ್ದು ಬಿಟ್ಟರೆ ಬೇರೆ ಸದ್ದು ಇರುವುದಿಲ್ಲ.

"ಏನೂ ಅನ್ಲಿಲ್ಲ," ಅಂದಳು.

"ಇವಳಿಗೆ ಇಂಗ್ಲಿಷ್ ಬರುತ್ತೆ ಅಂತ ಕಳಿಸಿದ್ದು," ಅಂದ ಶ್ರೀಧರ, ಟಿವಿ ಹಾಕುತ್ತಾ.

ಹನುಮಂತಯ್ಯ ಕೈ ತೊಳೆಯಲು ಏಳುವಾಗ ಮಂಡಿ ಹಿಡಿದುಕೊಂಡು ಮೆಲ್ಲಗೆ ನರಳಿದ.

"ಸಾಕು ಸಾಕು," ಅಂದಳು ಲಕ್ಷ್ಮಮ್ಮ. "ನಂಗೂ ಐತೆ. ನಾನ್ಯಾವ ಮಿಲ್ಟ್ರಿಗೆ ಓಗಿದ್ದೆ?"

ಪಾತ್ರೆ ತೊಳೆದಾದ ಮೇಲೆ ಶ್ಯಾಮಲಾ ಕಟ್ಟೆ ಒರೆಸಿದಳು. ಬೆಳಿಗ್ಗೆ ಅತ್ತೆಯನ್ನು ಆನೇಕಲ್ಲಿನ ಕೀಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸಕ್ಕರೆ ಪರೀಕ್ಷೆ ಅಂದರೆ ಬಂದಾರು. ಕಪಾಟಿನಿಂದ ಮುಲಾಮಿನ ಶೀಶೆ ತೆಗೆದು ಮುಚ್ಚಳವನ್ನು ಸಡಿಲ ಮಾಡಿ, ಕೈಗೆ ಸಿಗುವ ಹಾಗೆ ಅಂಚಿನಲ್ಲಿಟ್ಟಳು. ಡಾಕ್ಟರ ಮೇಜಿನ ಮೇಲೆ ಆ ಎರಡು ಕೈಗಳು ಬಿದ್ದ ಮೇಲೆ ನಡೆದದ್ದನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿ, ದೀಪ ಆರಿಸಿದಳು.